ಒದ್ದಿದ್ದಕ್ಕೆಲ್ಲ ಒಂದು ಹೆಸರು

ಚೆಂಡನ್ನು ಎಷ್ಟು ಬಗೆಯಲ್ಲಿ ಒದೆಯಬಹುದು ಎಂಬುದು ನಿಮಗೆ ಗೊತ್ತೆ? ಗೊತ್ತಿಲ್ಲವೆ? ಹಾಗಾದರೆ ನೀವು ಪುಣ್ಯವಂತರು. ನಿಮಗೆ ನಮ್ಮ ಕಾಕಾನಂಥ ಕಾಕಾ ಇಲ್ಲ ಎಂದಾಯಿತು! ನನ್ನ ಮಟ್ಟಿಗೆ ಚೆಂಡು ಎರಡೇ ಬಗೆ: ಗೋಲಿನ ಒಳಗೆ ಹೋಗಿದ್ದು, ಹೊರಗೆ ಹೋಗಿದ್ದು. ಈ ಮಾತನ್ನು ಒಮ್ಮೆ ಊಟಕ್ಕೆ ಕೂತಾಗ ಅವರ ಎದುರಿಗೇ ಆಡಿಬಿಟ್ಟೆ. ಕಾಕಾ ತಾಟಿನಿಂದ ಕೈ ತೆಗೆದರು.

"ಮನಶ್ಯಾರೂ ಎರಡೇ ಬಗಿ ಏನು? ಹುಟ್ಟಿದವ್ರು, ಸತ್ತವ್ರು? ನಡುವ ಏನೂ ಇಲ್ಲ?"

ನಡುವೆ ಏನೇನಿದೆ ಎಂದು ಅವರು ಹೇಳಿ ಮುಗಿಸುವ ಹೊತ್ತಿಗೆ ನನ್ನ ಮುಂದಿದ್ದ ರೊಟ್ಟಿ ಹಪ್ಪಳವಾಗಿತ್ತು.

ಇಷ್ಟಕ್ಕೂ ಇವರು ದೊಡ್ಡ ಆಟಗಾರರಿರಬೇಕು ಎಂದುಕೊಂಡಿರಾ? ಐವತ್ತೊಂದು ವರ್ಷದ ಬಾಳಿನಲ್ಲಿ ನಮ್ಮ ಕಾಕಾ ಒದ್ದ ವಸ್ತು ಒಂದೇ ಒಂದು, ತಮ್ಮ ಹಳೇ ಸ್ಕೂಟರಿನ ಕಿಕ್ಕು. ಅದೂ ಏಳನೆಯ ಒದೆತದ ತನಕ ಕೆಮ್ಮುತ್ತಲೇ ಇರುತ್ತದೆ. "ಈ ಒದಿಗಿ ಏನಂತಾರ ಕಾಕಾ?" ಎಂದು ಕೆಣಕಿದರೆ ಅವರಿಗೆ ಸಿಟ್ಟಾದರೂ ಬರಬೇಕೋ ಬೇಡವೋ? ಇಲ್ಲ. ಕಾಲನ್ನು ಗಾಳಿಯಲ್ಲೇ ನಿಲ್ಲಿಸಿ, "ಟೋ ಪೋಕ್. ಬೆರಳ ತುದೀಲೆ ಚುಚ್ಚೋದು. ಅದಕ್ಕೇ ಚಾಲೂ ಆಗವಲ್ದು. ಪಾದದ ಮ್ಯಾಗಿನ ಎಲುಬಿಲೆ ಒದ್ರ ಅದು ಡ್ರೈವ್ ಆಗ್ತದ," ಎಂದು ನನಗೇ ಪಾಠ ಹೇಳಿ, ಎಂಟನೆಯ ಒದೆತಕ್ಕೆ ಅಣಿಯಾಗುತ್ತಾರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನಾವು ಮೂಲತಃ ಬೀದರ್ ಜಿಲ್ಲೆಯವರು. ಅಪ್ಪ ಸಂಭಾಜಿನಗರಕ್ಕೆ ಬಂದು ನೆಲೆಸಿದರು, ಕಾಕಾ ನಾಸಿಕ್‌ಗೆ ಹೋದರು. ನಡುವೆ ಇರುವ ನೂರೆಂಬತ್ತು ಕಿಲೋಮೀಟರ್ ನಮಗೆ ದೇವರು ಕೊಟ್ಟ ವರ ಎಂದು ನಾನು ಆಗಾಗ ಹೇಳುವುದುಂಟು. ಇನ್ನು ನನ್ನ ವಿಷಯ. ಹಗಲು ಒಂದು ಕೊರಿಯರ್ ಆಫೀಸಿನಲ್ಲಿ ಪಾರ್ಸಲ್ ಲೆಕ್ಕ ಹಾಕುತ್ತೇನೆ, ಸಂಜೆ ಯಾರಾದರೂ ಕರೆದರೆ ಬರ್ತ್‌ಡೇಗೋ ಮದುವೆಗೋ ಹೋಗಿ ಮಿಮಿಕ್ರಿ ಮಾಡುತ್ತೇನೆ. ಹಲವರ ದನಿ ತೆಗೆಯುವ ಈ ವಿದ್ಯೆಯಿಂದ ನನಗಾಗಿರುವ ಲಾಭ ಇಷ್ಟೇ: ನನ್ನ ಸ್ವಂತ ದನಿಯಲ್ಲಿ ಫೋನು ಮಾಡಿದರೆ ಅವ್ವ, "ಯಾರ್ರಿ ಮಾತಾಡೋದು?" ಎನ್ನುತ್ತಾಳೆ.

ಕಾಕಾನ ರೋಗದ ಮೂಲ ಅವರ ಕೆಲಸದಲ್ಲಿದೆ. ದಿನಾ ಬೆಳಿಗ್ಗೆ ಕಂಪನಿ ಬಸ್ಸು ಹಿಡಿದು ಸಿನ್ನರ್‌ನ ಒಂದು ಕಾರ್ಖಾನೆಗೆ ಹೋಗುತ್ತಾರೆ. ಅಲ್ಲಿ ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ದು, ಕೊರೆದು, ಉಜ್ಜಿ ಕಳಿಸುತ್ತಾರೆ. ಅವುಗಳನ್ನು ಪರೀಕ್ಷಿಸಿ ಕೆಟ್ಟದ್ದಕ್ಕೆ ಕೆಂಪು ಚೀಟಿ ಕಟ್ಟುವುದು ಕಾಕಾನ ಕೆಲಸ. ಚೀಟಿಯ ಮೇಲೆ ಸುಮ್ಮನೆ ‘ಕೆಟ್ಟಿದೆ’ ಎಂದು ಬರೆಯುವಂತಿಲ್ಲ. ಏನು ಕೆಟ್ಟಿದೆ? ಒಳಗೆ ಗಾಳಿಯ ತೂತೋ, ಮೇಲೆ ಗೀರೋ, ಅಂಚಿನಲ್ಲಿ ಮುಳ್ಳೋ? ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಆ ಹೆಸರು ನೋಡಿಯೇ ತಪ್ಪು ಯಾರದೆಂದು ತೀರ್ಮಾನ. ಗಾಳಿಯ ತೂತಿನ ಬ್ಲೋ ಹೋಲ್ ಎಂದರೆ ಎರಕದವನು ಬೈಸಿಕೊಳ್ಳುತ್ತಾನೆ, ಮುಳ್ಳಿನ ಬರ್ ಎಂದರೆ ಕೊರೆದವನು ಬೈಸಿಕೊಳ್ಳುತ್ತಾನೆ.

"ಹೆಸರು ತಪ್ಪಿತಂದ್ರ ಒಬ್ಬನ ಪಾಪ ಇನ್ನೊಬ್ಬನ ಕೊರಳಿಗಿ ಬೀಳ್ತದ ತಮ್ಮಾ," ಎನ್ನುತ್ತಾರೆ ಕಾಕಾ. ಹೀಗೆ ಇಪ್ಪತ್ತು ವರ್ಷ ಚೀಟಿ ಕಟ್ಟಿ ಕಟ್ಟಿ, ಈಗ ಅವರಿಗೆ ಹೆಸರಿಡದೆ ಯಾವುದನ್ನೂ ನೋಡಲು ಬರುವುದಿಲ್ಲ.

ಇಂಥವರ ಮಗಳು ಗೋಲ್‌ಕೀಪರ್ ಆಗಬೇಕೆ? ಗೌರಿ ನಮ್ಮ ಮನೆತನದಲ್ಲಿ ಯಾರೂ ಬೆಳೆಯದಷ್ಟು ಉದ್ದ ಬೆಳೆದಳು. ಎಂಟನೆಯ ತರಗತಿಯಲ್ಲಿ ಶಾಲೆಯ ಆಟದ ಮೇಡಮ್ ಅವಳ ಎತ್ತರ ನೋಡಿ ಕೈಗೆ ಗ್ಲೋವ್ಸ್ ಕೊಟ್ಟು ಗೋಲಿನಲ್ಲಿ ನಿಲ್ಲಿಸಿದರು. ಅವತ್ತೇ ಕಾಕಾ ಕಾರ್ಖಾನೆಯ ದಾಖಲೆ ಪುಸ್ತಕದಂಥದೇ ಉದ್ದನೆಯ ಒಂದು ವಹಿ ಕೊಂಡು ತಂದರು. ಮೊಬೈಲಿನಲ್ಲಿ ಇಂಗ್ಲೆಂಡಿನ ಮ್ಯಾಚು ಹಚ್ಚಿ, ಕಾಮೆಂಟರಿಯವರ ಬಾಯಿಂದ ಬಿದ್ದ ಒಂದೊಂದು ಶಬ್ದವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ವಾಲಿ: ಚೆಂಡು ನೆಲ ಮುಟ್ಟುವ ಮೊದಲೇ ಒದ್ದದ್ದು. ಹಾಫ್ ವಾಲಿ: ನೆಲ ಮುಟ್ಟಿ ಏಳುವಾಗಲೇ ಒದ್ದದ್ದು. ಚಿಪ್: ಹಂಚಿನ ಮೇಲಿನ ರೊಟ್ಟಿಯ ಕೆಳಗೆ ಸಟ್ಟುಗ ಹಾಕಿ ಎತ್ತಿದಂತೆ. ಕರ್ಲರ್: ಹೊರಗೆ ಹೋಗುವ ನೆಪ ಮಾಡಿ ಒಳಗೆ ಬರುವುದು, "ನಿಮ್ಮ ಮಾವನಂಗ," ಎಂದು ನನ್ನವ್ವನ ತಮ್ಮನ ಉದಾಹರಣೆ. ಡೇಸಿ ಕಟರ್: ಹುಲ್ಲಿನ ಹೂವು ಕತ್ತರಿಸಿಕೊಂಡು ನೆಲಕ್ಕಂಟಿ ಹೋಗುವುದು.

"ಹೂವಾ ಕೊಯ್ತದಂದ್ರ ನಾಕು ಪೂಜಾಕ್ಕರೆ ತರ್ರಿ," ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿನಿಂದ.

ವಹಿಯಲ್ಲಿ ಕೊನೆಯದೊಂದು ಕಾಲಂ ಇತ್ತು: ‘ತಪ್ಪು ಯಾರದು’. ಗೌರಿ ಪ್ರತಿ ಮ್ಯಾಚಿನಲ್ಲಿ ಬಿಟ್ಟ ಒಂದೊಂದು ಗೋಲೂ ಅಲ್ಲಿ ದಾಖಲಾಗುತ್ತಿತ್ತು. ಟ್ಯಾಪ್ ಇನ್, ಎರಡು ಮಾರು ದೂರದಿಂದ, ತಪ್ಪು ಡಿಫೆಂಡರ್‌ದು. ಲೋ ಡ್ರೈವ್, ಹತ್ತಿರದ ಕಂಬದ ಕಡೆಯಿಂದ, ತಪ್ಪು ಗೌರಿದು. ಮಗಳೆಂದು ಎಳ್ಳಷ್ಟೂ ರಿಯಾಯಿತಿ ಇಲ್ಲ! ನಾವೆಲ್ಲ "ಇರ್ಲಿ ಬಿಡವ್ವಿ, ನಿಂದೇನ್ ತಪ್ಪದ," ಎಂದರೆ ಅವಳು ನಂಬುತ್ತಿರಲಿಲ್ಲ. "ಅಪ್ಪ ಏನ್ ಬರದಾರ?" ಎಂದು ಕೇಳುತ್ತಿದ್ದಳು. ಅಪ್ಪ ಬರೆದದ್ದನ್ನು ಓದಿದ ಮೇಲೆಯೇ ಊಟ.

ಈ ಹುಚ್ಚು ಮೈದಾನದಲ್ಲೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ನನ್ನ ಅಕ್ಕನನ್ನು ಸಿಲ್ಲೋಡಿನಲ್ಲಿ ಹತ್ತಿ ವ್ಯಾಪಾರ ಮಾಡುವ ಮನೆಗೆ ಕೊಟ್ಟಿದ್ದೇವೆ, ಅವರೂ ನಮ್ಮ ಕಡೆಯವರೇ. ಮದುವೆಯ ದಿನ ಅಯ್ಯನವರ ಮಂತ್ರ ಮುಗಿಯುತ್ತಿದ್ದಂತೆ ಜನ ಅಕ್ಷತೆ ಎಸೆಯತೊಡಗಿದರು. ಕಾಕಾ ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಕಣ್ಣಲ್ಲಿ ನೀರು, ಅವರ ಬಾಯಲ್ಲಿ ಕಾಮೆಂಟರಿ! "ಆ ಮುದುಕಪ್ಪನ್ನ ನೋಡು, ಎಂಥಾ ಲಾಬ್! ಐದು ಮಂದಿ ತಲಿ ಮ್ಯಾಗಿಂದ ಹಾದು ಸೀದಾ ಮದಲಿಂಗನ ಬಾಸಿಂಗಕ್ಕ! ಬೀಗರ ತಮ್ಮಂದು ಡ್ರೈವ್. ಜೋರದ, ಗುರಿ ಇಲ್ಲ. ಅಯ್ಯನೋರ ಕಣ್ಣಾಗ ಬಿತ್ತು." ಬಿದ್ದಿತ್ತು, ನಿಜ. ಕಣ್ಣುಜ್ಜಿಕೊಳ್ಳುತ್ತಿದ್ದ ಅಯ್ಯನವರು ಈ ವರದಿ ಕೇಳಿ ತಿರುಗಿ ನೋಡಿದರು. ಬೀಗರೂ ನೋಡಿದರು. ಇಂದಿಗೂ ಸಿಲ್ಲೋಡಿಗೆ ಹೋದರೆ ಅಕ್ಕನ ಅತ್ತೆ ನನ್ನನ್ನು ಕೇಳುವ ಮೊದಲ ಮಾತು, "ನಿಮ್ಮ ಕಾಕಾಗ ಈಗ ಆರಾಮ ಅದ ಏನಪ್ಪಾ?"

ಸೇಡು ತೀರಿಸಿಕೊಳ್ಳಬೇಕೆಂದು ನಾನು ಕಾಕಾನ ಮಿಮಿಕ್ರಿ ಮಾಡಿ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಷ್ಮಾ ಮೂಗಿನ ತುದಿಗೆ, ತೋರುಬೆರಳು ಆಕಾಶಕ್ಕೆ, ಕಾಕು ದೋಸೆ ತಿರುವುತ್ತಾಳೆ, ಕಾಕಾ ‘ಓವರ್‌ಹೆಡ್ ಕಿಕ್!’ ಎಂದು ಕೂಗುತ್ತಾರೆ. ಬಳಗವೆಲ್ಲ ಬಿದ್ದು ಬಿದ್ದು ನಕ್ಕಿತು. ಅವಮಾನದಿಂದಾದರೂ ಸುಮ್ಮನಾದಾರು ಎಂದು ನಾನು ಕಾದೆ. ಸಂಜೆ ಅವರ ಫೋನು ಬಂತು.

"ಛಲೋ ಮಾಡೀದಿ. ದನಿ ಬರೋಬರ್ ಅದ. ಆದ್ರ ತಮ್ಮಾ, ಓವರ್‌ಹೆಡ್ ಕಿಕ್ಕಿಗಿ ಬೆನ್ನು ನೆಲದ ಕಡಿ ಇರಬೇಕು. ನಿಮ್ಮ ಕಾಕು ನಿಂತಾಳ. ತಿದ್ದಿ ಇನ್ನೊಮ್ಮಿ ಹಾಕು."

ಇಂಥವರನ್ನು ಏನು ಮಾಡುತ್ತೀರಿ ಹೇಳಿ?

ಈಗ ಮುಖ್ಯ ಕಥೆಗೆ ಬರುತ್ತೇನೆ. ಗೌರಿಗೆ ಹನ್ನೊಂದನೆಯ ತರಗತಿ. ಈ ವರ್ಷ ಅವಳ ಟೈಮ್ ಸರಿ ಇರಲಿಲ್ಲ. ನಾಸಿಕ್‌ನ ಮೂರು ಮ್ಯಾಚುಗಳಲ್ಲಿ ಕೈಗೆ ಬಂದ ಚೆಂಡು ಜಾರಿ ಗೋಲಾಗಿತ್ತು. ಮೂರಕ್ಕೂ ವಹಿಯಲ್ಲಿ ‘ತಪ್ಪು ಗೌರಿದು’. ಹುಡುಗಿ ನಗುವುದನ್ನೇ ಬಿಟ್ಟಳು. ಸಂಭಾಜಿನಗರದಲ್ಲಿ ಜಿಲ್ಲೆ ಜಿಲ್ಲೆಗಳ ನಡುವಿನ ಪಂದ್ಯಗಳಿಗೆ ನಾಸಿಕ್ ತಂಡ ಹೊರಟಾಗ, ಅವಳು ಮೇಡಮ್‌ಗೆ ಹೇಳುವ ಮೊದಲು ಮನೆಯಲ್ಲಿ ಹೇಳಿದಳು: "ಇನ್ನೊಂದು ಫಾಲ್ತೂ ಗೋಲ್ ಬಿಟ್ನಂದ್ರ ಗ್ಲೋವ್ಸ್ ವಾಪಸ್ ಕೊಟ್ಟು ಬಿಡ್ತೀನಿ. ಮತ್ತ ಮೈದಾನಕ್ಕ ಕಾಲಿಡಂಗಿಲ್ಲ. ಬಸ್!" ಸಿಟ್ಟಿನಲ್ಲಿ ಹೇಳಿದ್ದರೆ ಬೇರೆ ಮಾತು. ಗ್ಲೋವ್ಸ್ ಒಗೆದು, ಒಣಗಲು ಹಾಕುತ್ತ, ತಣ್ಣಗೆ ಹೇಳಿದಳು. ಕಾಕು ನನಗೆ ಫೋನಿನಲ್ಲಿ, "ಆಕಿ ಬಿಟ್ಳಂದ್ರ ಬಿಟ್ಳು. ನನ್ನ ಹೊಟ್ಟೀಲೆ ಹುಟ್ಯಾಳ," ಎಂದಳು.

ಗೌರಿ ತಂಡದ ಜೊತೆ ಮೊದಲೇ ಹೋದಳು. ಯಾರದೋ ಬರ್ತ್‌ಡೇಯ ಮಿಮಿಕ್ರಿಗೆಂದು ನಾಸಿಕ್‌ಗೆ ಹೋಗಿದ್ದ ನಾನು, ಕಾಕಾ ಮತ್ತು ಕಾಕುವಿನ ಜೊತೆ ಬಸ್ಸಿನಲ್ಲಿ ಹೊರಟೆ. ವೈಜಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಚಹಾ ಕುಡಿಯಲೆಂದು ನಾನೂ ಕಾಕಾನೂ ಇಳಿದೆವು. ಹೋಟೆಲಿನ ಟಿವಿಯಲ್ಲಿ ಯಾವುದೋ ಹಳೇ ಮ್ಯಾಚು. ಮೆಕ್ಕೆಜೋಳದ ಚೀಲಗಳ ಮೇಲೆ ಕೂತಿದ್ದ ಒಬ್ಬ ಗೃಹಸ್ಥರು, "ಕಾಯ್ ವಾಲಿ ಮಾರಲೀ!" ಎಂದು ತೊಡೆ ತಟ್ಟಿಕೊಂಡರು. ಎಂಥ ವಾಲಿ ಹೊಡೆದ ಎಂದು. ಪಾಪ, ಖುಷಿಯಲ್ಲಿದ್ದರು. ನಾನು ಕಾಕಾನ ತೋಳು ಹಿಡಿದೆ. ತಡವಾಗಿತ್ತು.

"ವಾಲಿ ನಾಹೀ. ಹಾಫ್ ವಾಲಿ," ಎಂದರು ಕಾಕಾ.

"ಕಾಕಾ, ಬ್ಯಾಡ್ರಿ. ಬಸ್ಸು ಹೋಗ್ತದ."

"ಚೆಂಡು ನೆಲ ಮುಟ್ಯದ! ನಾ ಕಣ್ಣಾರೆ ನೋಡೀನಿ. ಅವ್ರಿಗಿ ತಪ್ಪು ಗೊತ್ತಾಗಬೇಕೋ ಬ್ಯಾಡೋ?"

ಗೃಹಸ್ಥರು ಮುಟ್ಟಿಲ್ಲ ಎಂದರು. ಕಾಕಾ ಮುಟ್ಟಿದೆ ಎಂದರು. ಹೋಟೆಲಿನವನು ಒಂದು ಕಡೆ ಸೇರಿದ, ಚೀಲ ಹೊರುವವರು ಇನ್ನೊಂದು ಕಡೆ ಸೇರಿದರು. ಯಾರದೋ ಮೊಬೈಲಿನಲ್ಲಿ ಆ ಗೋಲು ಹುಡುಕಿ, ನಿಧಾನಗತಿಯಲ್ಲಿ ಓಡಿಸಿ, ಎಂಟು ತಲೆಗಳು ಒಂದಾಗಿ ಬಗ್ಗಿ ನೋಡಿದವು. ಮುಟ್ಟಿತ್ತು. ಕಾಕಾ ಗೆದ್ದು ತಲೆ ಎತ್ತುವಷ್ಟರಲ್ಲಿ ಬಸ್ಸು ಇರಲಿಲ್ಲ. ನಮ್ಮ ಚೀಲಗಳೂ ಇರಲಿಲ್ಲ, ಕಾಕುವೂ ಇರಲಿಲ್ಲ. ಮುಂದಿನ ಬಸ್ಸಿಗೆ ಎರಡೂವರೆ ತಾಸು. ಬಿಸಿಲಲ್ಲಿ ಬೆಂದು ಕೂತಿದ್ದಾಗ ಫೋನು ಬಂತು. ಕಾಕುವಿನ ದನಿ ಬೆಣ್ಣೆಯ ಹಾಗಿತ್ತು.

"ನಾ ಸಂಭಾಜಿನಗರ ಮುಟ್ಟೀನ್ರಿ. ನಿಮ್ಮ ಚೆಂಡು ನೆಲ ಮುಟ್ಟಿತೇನು?"

ಮರುದಿನ ಮಧ್ಯಾಹ್ನ ಮೊದಲ ಮ್ಯಾಚು. ಮೈದಾನ ಎಂದರೆ ಮೈದಾನವೇ, ಹುಲ್ಲು ಮಾತ್ರ ಇಲ್ಲ. ಡೇಸಿ ಕಟರ್ ಹೊಡೆದರೆ ಕತ್ತರಿಸಲು ಕಲ್ಲು ಬಿಟ್ಟು ಬೇರೇನೂ ಸಿಗದು. ಗೌರಿ ಗೋಲಿನಲ್ಲಿ ನಿಂತಿದ್ದಳು, ನಾವು ಪಕ್ಕದ ಮೆಟ್ಟಿಲ ಮೇಲೆ, ಕಾಕು ಕೊಡೆಯ ಕೆಳಗೆ. ಮಿಮಿಕ್ರಿಗೆ ಹೊಸ ಸರಕು ಬೇಕಿತ್ತಲ್ಲ, ನಾನು ಮೊಬೈಲನ್ನು ಮೊಣಕಾಲ ಮೇಲೆ ಕಾಕಾನ ಮುಖಕ್ಕೆ ನೇರವಾಗಿ ಇಟ್ಟು, ಗೊತ್ತಾಗದ ಹಾಗೆ ವಿಡಿಯೋ ಚಾಲೂ ಮಾಡಿ, ನಾನು ಮಾತ್ರ ಆಟ ನೋಡುತ್ತ ಕೂತೆ.

ನೋಡಲು ಬಿಟ್ಟರೆ ತಾನೆ! ಗೋಲಿನ ಕಡೆ ಒಂದು ಶಾಟ್ ಬಂದರೆ ಸಾಕು, ಕಾಕಾ ನನ್ನ ಭುಜ ಅಲುಗಿಸುತ್ತಿದ್ದರು. "ಯಾವ ಕಾಲು? ಒಳಮಗ್ಗಲೋ ಹೊರಮಗ್ಗಲೋ? ನೆಲ ಮುಟ್ಟಿತ್ತೇನು?"

"ನಿಮ್ಮ ಎದುರಿಗೇ ಆಗ್ಯದಲ್ರಿ ಕಾಕಾ!"

"ನೀ ಏನ್ ನೋಡೀದಿ ಅದು ಹೇಳು."

ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವ ಮಾಸ್ತರರ ಹಾಗೆ! ನನ್ನದಾದ ಮೇಲೆ ಪಕ್ಕದವರಿಗೆ ಪರೀಕ್ಷೆ, ಅವರದಾದ ಮೇಲೆ ಶೇಂಗಾ ಮಾರುವವನಿಗೆ. ನಾಲ್ವರ ಹೇಳಿಕೆ ತಾಳೆಯಾಗದೆ ಬಿಡುತ್ತಿರಲಿಲ್ಲ. ಕಳ್ಳತನವಾದ ಮನೆಯಲ್ಲಿ ಪೊಲೀಸರು ಪಂಚನಾಮೆ ಮಾಡುವುದೂ ಇಷ್ಟು ಕಟ್ಟುನಿಟ್ಟಲ್ಲ. ಮೂರನೆಯ ಶಾಟಿನ ಹೊತ್ತಿಗೆ ಶೇಂಗಾದವನು ಬುಟ್ಟಿ ಎತ್ತಿಕೊಂಡು ಮೈದಾನದ ಆ ತುದಿಗೆ ಹೋಗಿಬಿಟ್ಟ.

ಆಟ ಮುಗಿಯಲು ಐದು ನಿಮಿಷವಿತ್ತು. ಎರಡೂ ಕಡೆ ಸೊನ್ನೆ. ಎದುರು ತಂಡದ ಒಬ್ಬ ಹುಡುಗಿ, ಓಡಿ ಓಡಿ ಸುಸ್ತಾದವಳು, ಕಾಲು ಬೀಸಿದಳು. ಚೆಂಡು ಬೂಟಿಗೆ ಸರಿಯಾಗಿ ತಾಗದೆ ಕಣಕಾಲಿಗೆ ಬಡಿಯಿತು. ಸಂತೆಯಲ್ಲಿ ಕೈಜಾರಿದ ನಿಂಬೆಹಣ್ಣಿನ ಹಾಗೆ ಉರುಳಿಕೊಂಡು ಬಂತು. ಗೌರಿ ಬಗ್ಗಿದಳು. ಕಲ್ಲಿಗೆ ತಾಗಿ ಚೆಂಡು ಒಂದು ಗೇಣು ಎದ್ದಿತು, ಅವಳ ಎರಡು ಕೈಗಳ ನಡುವೆ ಹಾದು, ಎರಡು ಕಾಲುಗಳ ನಡುವೆ ಹಾದು, ಆರಾಮಾಗಿ ಗೆರೆ ದಾಟಿತು.

"ಹಾತಾಲಾ ತೇಲ್ ಲಾವಲಂಯ್ ಕಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಕೈಗೆ ಎಣ್ಣೆ ಹಚ್ಚಿಕೊಂಡಿದ್ದೀಯಾ ಎಂದು. ಜನ ನಕ್ಕರು. ನಾಸಿಕ್ ಸೋತಿತು.

ಕಾಕಾ ಸದ್ದಿಲ್ಲದೆ ಎದ್ದು ಹೋಗಿ ಆ ತುದಿಯ ಶೇಂಗಾದವನನ್ನೂ ಕೇಳಿ ಬಂದರು.

ಸಂಜೆ ಮೇಡಮ್ ಅಪ್ಪಣೆ ಕೊಟ್ಟು ಗೌರಿಯನ್ನು ನಮ್ಮ ಮನೆಗೆ ಊಟಕ್ಕೆ ಕಳಿಸಿದ್ದರು. ಅವಳು ಗ್ಲೋವ್ಸ್‌ಗಳನ್ನು ನಡುಮನೆಯಲ್ಲಿ ಅಪ್ಪನ ಮುಂದೆ ಇಟ್ಟು ಕೂತಳು. ನನ್ನ ಅವ್ವ ತಾಟು ತಂದವಳು ಹಾಗೇ ನಿಂತಳು.

"ಅಪ್ಪಾ, ಬರೀರಿ."

ಕಾಕಾ ವಹಿ ತೆಗೆದರು. ಚಷ್ಮಾ ಒರೆಸಿದರು. ಮತ್ತೆ ಒರೆಸಿದರು. ಕೊನೆಗೆ ಒಂದು ಶಬ್ದ ಹೊರಬಂತು.

"ನಕಲ್‌ಬಾಲ್."

ಆಗಲೇ ಊಟಕ್ಕೆ ಕೂತಿದ್ದ ನನಗೆ ತುತ್ತು ನೆತ್ತಿಗೇರಿತು! ನಕಲ್‌ಬಾಲ್ ಎಂದರೆ ಏನು ಎಂಬುದನ್ನು ಇದೇ ಮನುಷ್ಯ ನನಗೆ ಹದಿನೇಳು ಸಲ ಹೇಳಿ ಪ್ರಾಣ ತಿಂದಿದ್ದರು. ದೂರದಿಂದ ಬಲವಾಗಿ ಒದ್ದದ್ದು, ತಿರುಗದೆ, ಗಾಳಿಯಲ್ಲಿ ಅತ್ತ ಇತ್ತ ಓಲಾಡಿ ಕೀಪರಿನ ಕಣ್ಣು ಕಟ್ಟುವುದು. ನೆಲದ ಮೇಲೆ ಉರುಳಿದ ನಿಂಬೆಹಣ್ಣಿಗೆ ಗಾಳಿಯ ಹೆಸರು!

"ಅದನ್ನ ಹಿಡಿಯೋದು ಯಾರಿಂದೂ ಆಗಂಗಿಲ್ಲವ್ವಾ," ಎನ್ನುತ್ತ ಕಾಕಾ ಬರೆದರು. "ತಪ್ಪು: ಗಾಳಿದು."

ಅವತ್ತು ಎಲೆ ಅಲುಗಿರಲಿಲ್ಲ. ಗೌರಿ ಎದ್ದು ನಿಂತಳು. ಸಿಟ್ಟು ಬಂದರೆ ಅವಳ ಕನ್ನಡ ಮುಗಿದು ಮರಾಠಿ ಶುರುವಾಗುತ್ತದೆ. "ಅಪ್ಪಾ, ಖೋಟಂ ಲಿಹೂ ನಕಾ!" ಸುಳ್ಳು ಬರೆಯಬೇಡಿ ಎಂದು ಚೀರಿ, ನನ್ನ ಕಡೆ ತಿರುಗಿದಳು. "ಅಣ್ಣಾ, ನೀ ವಿಡಿಯೋ ಮಾಡ್ಲಕತ್ತಿದ್ದಿ. ನಾ ಗೋಲಿನಾಗಿಂದ ನೋಡೀನಿ. ತೋರ್ಸು."

"ಅವ್ವಿ, ಅದರಾಗ ಚೆಂಡು ಇಲ್ಲ. ಬರೇ ನಿಮ್ಮಪ್ಪ ಅದಾರ," ಎಂದೆ. ಕಾಕಾನ ಕಣ್ಣು ನನ್ನ ಮೇಲೆ ನೆಟ್ಟವು. ಅವರ ಮಿಮಿಕ್ರಿ ಮಾಡಿ ಊರಿಗೆಲ್ಲ ಹಂಚಿದಾಗಲೂ ಹೆದರದಿದ್ದ ಮನುಷ್ಯ, ಆಗ ಹೆದರಿದ್ದರು. ಗೌರಿ ಮೊಬೈಲ್ ಕಸಿದುಕೊಂಡಳು. ನಾನೂ ಅವಳ ಭುಜದ ಮೇಲಿಂದ ಮೊದಲ ಸಲ ಆ ವಿಡಿಯೋ ನೋಡಿದೆ.

ಕಾಕಾ ಕೂತಿದ್ದಾರೆ. ಚೆಂಡು ಗೋಲಿನ ಕಡೆ ಬರುತ್ತಿರಬೇಕು, ಜನರ ಗದ್ದಲ ಏರುತ್ತದೆ. ಕಾಕಾ ಕಣ್ಣು ಮುಚ್ಚುತ್ತಾರೆ. ರೆಪ್ಪೆ ಪಿಳುಕಿಸುವುದಲ್ಲ, ಮುಖವೆಲ್ಲ ಮುದುಡುವಷ್ಟು ಬಿಗಿಯಾಗಿ. ಎರಡೂ ಕೈ ಎದೆಯ ಮುಂದೆ ಬರುತ್ತವೆ, ಬೆರಳು ಅಗಲಿಸಿ, ಥೇಟ್ ಕೀಪರಿನ ಹಾಗೆ. ಗದ್ದಲ ಅಡಗಿದ ಮೇಲೆ ಮೆಲ್ಲಗೆ ಕಣ್ಣು ತೆಗೆದು, ನನ್ನ ಭುಜ ಅಲುಗಿಸುತ್ತಾರೆ. "ಯಾವ ಕಾಲು? ನೆಲ ಮುಟ್ಟಿತ್ತೇನು?" ಗೌರಿ ಮುಂದಕ್ಕೆ ಓಡಿಸಿದಳು. ಎರಡನೆಯ ಶಾಟ್, ಕಣ್ಣು ಮುಚ್ಚಿದೆ. ಮೂರನೆಯದು, ಮುಚ್ಚಿದೆ. ಗೋಲಾಗುವಾಗ ಅವರ ತುಟಿ ಏನೋ ಜಪಿಸುತ್ತಿತ್ತು, ಕಣ್ಣು ಮುಚ್ಚಿತ್ತು.

"ನೀವು ನೋಡೇ ಇಲ್ಲ," ಎಂದಳು ಗೌರಿ. ಮತ್ತೆ ಕನ್ನಡಕ್ಕೆ ಬಂದಿದ್ದಳು. "ಯಾವ ಮ್ಯಾಚೂ?"

ಕಾಕಾ ವಹಿಯನ್ನು ನೋಡುತ್ತ ಹೇಳಿದರು, "ಮಂದಿ ಮ್ಯಾಚು ನೋಡ್ತೀನವ್ವಾ. ನಿನ್ನ ಕಡಿ ಚೆಂಡು ಬಂತಂದ್ರ ನನಗ ನೋಡ್ಲಕ ಆಗಂಗಿಲ್ಲ."

"ಈಕಿ ಸಣ್ಣಾಕಿದ್ದಾಗ ಇಂಜೆಕ್ಷನ್ ಮಾಡಸ್ಲಕ ಒಯ್ದ್ರ ಇವ್ರೇ ದವಾಖಾನಿ ಹೊರಗ ಓಡಿ ಹೋಗ್ತಿದ್ರು," ಎಂದಳು ಕಾಕು, ಯಾರಿಗೂ ಅಲ್ಲದ ಹಾಗೆ.

"ಹಂಗಾದ್ರ ವಹಿದಾಗ ಇದ್ದದ್ದೆಲ್ಲ ಸುಳ್ಳು?"

"ಸುಳ್ಳಲ್ಲ!" ಕಾಕಾಗೆ ಈಗ ನಿಜಕ್ಕೂ ನೋವಾಯಿತು. "ನಾಕು ಮಂದಿನ್ನ ಕೇಳಿ, ನಾಕೂ ಮಂದಿ ಒಂದೇ ಮಾತು ಅಂದ ಮ್ಯಾಲೇ ಬರದೀನಿ. ಇವತ್ತೂ ಕೇಳ್ದೆ. ಎಲ್ಲಾರೂ ಒಂದೇ ಹೇಳಿದ್ರು. ಅದು ನನ್ನ ಕೈಲೆ ಬರೀಲಕ ಆಗಲಿಲ್ಲ."

ನನಗೆ ಬರುವ ಅಷ್ಟೂ ದನಿಗಳಲ್ಲಿ ಆ ಹೊತ್ತಿಗೆ ಹೊಂದುವ ದನಿ ಒಂದೂ ಸಿಗಲಿಲ್ಲ. ಗೌರಿ ಅಪ್ಪನ ಕೈಯಿಂದ ಪೆನ್ನು ತೆಗೆದುಕೊಂಡಳು. ‘ನಕಲ್‌ಬಾಲ್’ ಹೊಡೆದು ಹಾಕಿ ‘ಮಿಸ್‌ಕಿಕ್’ ಎಂದು ಬರೆದಳು. ‘ಗಾಳಿ’ ಹೊಡೆದು ಹಾಕಿ ತನ್ನ ಹೆಸರು ಬರೆದಳು. ಅವಳ ಕನ್ನಡ ಅಕ್ಷರ ಒಂದು ಕೊಂಬು ಆ ಕಡೆ, ಒಂದು ಕಾಲು ಈ ಕಡೆ.

"ನಾಳಿಗಿ ಇನ್ನೊಂದು ಮ್ಯಾಚದ," ಎಂದಳು. "ನೀವು ಕಣ್ಣು ತಕ್ಕೊಂಡು ನೋಡ್ತೀನಂದ್ರ ಆಡ್ತೀನಿ. ಇಲ್ಲಂದ್ರ ಗ್ಲೋವ್ಸ್ ಇಲ್ಲೇ ಇರ್ತಾವ."

"ನೋಡ್ತೀನಿ," ಎಂದರು ಕಾಕಾ.

ಮರುದಿನ ಮೆಟ್ಟಿಲ ಮೇಲೆ ಕೂರುತ್ತಲೇ ಕಾಕಾ ನನ್ನ ಕೈ ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಕಣ್ಣು ಮುಚ್ಚಿದ್ನಂದ್ರ ಚಿವುಟು. ಮುಲಾಜು ಮಾಡಬ್ಯಾಡ." ಇಪ್ಪತ್ತೈದು ವರ್ಷದಿಂದ ನಾನು ಕಾಯುತ್ತಿದ್ದ ಅಪ್ಪಣೆ! ಮೊದಲ ಶಾಟ್ ಬಂತು, ಮುಚ್ಚಿದರು, ಚಿವುಟಿದೆ. "ಅಯ್ಯೋ ಯಪ್ಪಾ!" ಎರಡನೆಯದಕ್ಕೆ ಒಂದು ಕಣ್ಣು ಮಾತ್ರ ಮುಚ್ಚಿದರು, ಅರ್ಧ ಚಿವುಟಿದೆ. ಹಿಂದೆ ಕೂತಿದ್ದ ಒಬ್ಬ ಹಿರಿಯರು ನನ್ನ ಬೆನ್ನಿಗೆ ಕೊಡೆಯ ತುದಿ ಚುಚ್ಚಿ, ಮರಾಠಿಯಲ್ಲಿ, ದೊಡ್ಡವರಿಗೆ ಹೀಗೆ ಮಾಡಲು ನಾಚಿಕೆಯಾಗುವುದಿಲ್ಲವೆ ಎಂದು ಬೈದರು. "ಅವರೇ ಚಿವುಟು ಅಂದಾರ್ರಿ," ಎಂದರೆ ಯಾರು ನಂಬುತ್ತಾರೆ? ಅರ್ಧ ಆಟ ಮುಗಿಯುವ ಹೊತ್ತಿಗೆ ಕಾಕಾನ ತೊಡೆ ಜಾಮೂನಾಗಿತ್ತು, ನನ್ನ ಬೆನ್ನೂ.

ಆಮೇಲೆ ಪೆನಾಲ್ಟಿ ಆಯಿತು. ನಾಸಿಕ್‌ನ ಒಬ್ಬಳ ಕೈಗೆ ಚೆಂಡು ತಾಗಿತೆಂದು ರೆಫರಿ ಸೀಟಿ ಊದಿದರು. ಎಲ್ಲರೂ ದೂರ ಸರಿದರು. ಹನ್ನೆರಡು ಹೆಜ್ಜೆಯಾಚೆ ಚೆಂಡು, ಈಚೆ ಗೆರೆಯ ಮೇಲೆ ಗೌರಿ ಒಬ್ಬಳೇ. ಅವಳು ಚೆಂಡಿನ ಕಡೆ ನೋಡಲಿಲ್ಲ. ಮೈದಾನದ ಅಡ್ಡಕ್ಕೆ, ಮೆಟ್ಟಿಲುಗಳ ಕಡೆ, ಅಪ್ಪನ ಕಡೆ ನೋಡಿದಳು.

ನಾನು ಬೆರಳು ಬಿಗಿ ಮಾಡಿದೆ. ಕಾಕಾ ನನ್ನ ಕೈಯನ್ನು ತೊಡೆಯಿಂದ ಎತ್ತಿ ಬದಿಗಿಟ್ಟರು. ಎದ್ದು ನಿಂತರು. ಚಷ್ಮಾದ ಹಿಂದೆ ಆ ಎರಡು ಕಣ್ಣು ಇಷ್ಟಗಲ ತೆರೆದಿದ್ದವು, ನೀರು ಸುರಿಯುತ್ತಿತ್ತು, ರೆಪ್ಪೆ ಬಡಿಯಲಿಲ್ಲ.

ಎದುರಾಳಿ ಓಡಿ ಬಂದು ಒದ್ದಳು. ಗೌರಿ ಸರಿಯಾದ ಕಡೆಗೇ ಹಾರಿದಳು, ತನ್ನ ಅಷ್ಟೂ ಉದ್ದವನ್ನು ಚಾಚಿ ಹಾರಿದಳು. ಚೆಂಡು ಅವಳ ಬೆರಳ ತುದಿಗೂ ಕಂಬಕ್ಕೂ ನಡುವಿನ ಅಂಗೈಯಗಲ ಜಾಗದಲ್ಲಿ ಒಳಗೆ ಹೋಯಿತು.

ಆ ಕಡೆಯವರ ಕೇಕೆಯ ನಡುವೆ, ಮರಾಠಿ ಬಿಟ್ಟು ಬೇರೆ ಮಾತು ಕೇಳಿಸದ ಆ ಮೈದಾನದಲ್ಲಿ, ನಮ್ಮ ಕಾಕಾ ಗಂಟಲು ಹರಿಯುವ ಹಾಗೆ ಕನ್ನಡದಲ್ಲಿ ಕೂಗಿದರು:

"ಅವ್ವೀ! ಒಳಮಗ್ಗಲಿಲೆ ಹೊಡದಾಳ! ಮೂಲಿಗಿ ಇಟ್ಟು ಹೊಡದಾಳ! ಬೆರಳು ಮುಟ್ಟೋದಿತ್ತು, ಒಂದೀಟು ತಪ್ಪಿತು! ನಾ ನೋಡೀನವ್ವಾ! ಯಾರನ್ನೂ ಕೇಳಂಗಿಲ್ಲ, ನಾನೇ ನೋಡೀನಿ!"

ಗೌರಿ ಮಣ್ಣು ಕೊಡವಿಕೊಂಡು ಎದ್ದಳು. ಬಲೆಯಿಂದ ಚೆಂಡು ತೆಗೆದು ನಡುಗೆರೆಯತ್ತ ಎಸೆದಳು. ಹಲ್ಲಿನಿಂದ ಕಚ್ಚಿ ಗ್ಲೋವ್ಸಿನ ಪಟ್ಟಿ ಬಿಗಿ ಮಾಡಿಕೊಂಡು, ಮತ್ತೆ ತನ್ನ ಗೆರೆಯ ಮೇಲೆ ಹೋಗಿ ನಿಂತಳು.